ಸಾರನಾಥದಲ್ಲಿ ಹರಿದ ಚೀಲ

ಚೌಖಂಡಿ ಸ್ತೂಪದ ನೆತ್ತಿಯ ಮೇಲಿರುವ ಎಂಟು ಮೂಲೆಯ ಗೋಪುರ ಕಣ್ಣಿಗೆ ಬಿದ್ದಾಗ ಸಂಜೆ ನಾಲ್ಕು ಗಂಟೆ. ಬೋಧಗಯೆಯಿಂದ ಸೈಕಲ್ ಹತ್ತಿ ಅದು ನಾಲ್ಕನೇ ದಿನ, ಹತ್ತಿರ ಹತ್ತಿರ 250 ಕಿಲೋಮೀಟರ್ ಆಗಿತ್ತು. ಇನ್ನೊಂದು ಕಿಲೋಮೀಟರ್ ತುಳಿದರೆ ಸಾರನಾಥ, ಬಿಸಿನೀರು, ಹಾಸಿಗೆ. ಆಶಾಪುರದ ಕಡೆಯಿಂದ ಬಂದ ರಸ್ತೆಯಲ್ಲಿ ಒಂದು ಹಂಪ್ ಇತ್ತು. ನಾನು ನಿಧಾನವಾಗಿಯೇ ದಾಟಿದೆ. ಟಪ್ ಎಂದು ಒಂದು ಸದ್ದು ಕೇಳಿಸಿತು. ಬಲಗಡೆಯ ಚೀಲದ ತಳ ಹೊರಗೆ ತೂಗಿ, ಮರಳಿ ಬಂದು ಹಿಂಚಕ್ರದ ಕಡ್ಡಿಗಳೊಳಗೆ ನುಗ್ಗಿತು. ಚಕ್ರ ನಿಂತೇ ಹೋಯಿತು. ನಾನು ರಸ್ತೆಯ ಮೇಲಿದ್ದೆ.

ಮೊಣಕಾಲು ತರಚಿತ್ತು, ಅಷ್ಟೇ. ಹಿಂದೆ ಬರುತ್ತಿದ್ದ ಇ-ರಿಕ್ಷಾದವನು ಬ್ರೇಕ್ ಹಾಕಿ, ಇಳಿದು, ಸೈಕಲ್ ಎತ್ತಿಕೊಟ್ಟು, ಬನಾರಸಿ ಭಾಷೆಯಲ್ಲಿ ನನಗೂ ರಸ್ತೆಗೂ ಸಮನಾಗಿ ಬೈದು ಹೋದ. ಇದೇ ಪಟ್ಟಿ ಎರಡು ದಿನ ಮೊದಲು ಸಸಾರಾಮ್ ಹತ್ತಿರ ಕಿತ್ತಿದ್ದರೆ ಹಿಂದೆ ಇರುತ್ತಿದ್ದುದು ಇ-ರಿಕ್ಷಾ ಅಲ್ಲ, ಮರಳು ತುಂಬಿದ ಲಾರಿ. ಈ ಲೆಕ್ಕ ತಲೆಗೆ ಬಂದಾಗ ಕಾಲು ನಡುಗತೊಡಗಿತು.

ಅದಕ್ಕಿಂತ ಹೆಚ್ಚು ನಡುಗಿಸಿದ್ದು ಇನ್ನೊಂದು ಲೆಕ್ಕ. ಆ ಚೀಲ ಅಂಗಡಿಯದ್ದಲ್ಲ, ನಾನೇ ಹೊಲಿದದ್ದು. ಅದೇ ನಮೂನೆಯ ನಾಲ್ಕು ಜೊತೆ ಚೀಲಗಳನ್ನು ಗೆಳೆಯರಿಗೂ ಹೊಲಿದು ಕೊಟ್ಟಿದ್ದೆ. ಇಬ್ಬರು ದುಡ್ಡು ಕೊಟ್ಟಿದ್ದರು. ಅವರಲ್ಲಿ ಒಬ್ಬ ಆ ಹೊತ್ತಿಗೆ ಸರಿಯಾಗಿ ಹಾಸನ ದಾಟಿ ಸಕಲೇಶಪುರದ ಕಡೆ ಹೊರಟಿದ್ದ. ಮರುದಿನ ಬೆಳಿಗ್ಗೆ ಶಿರಾಡಿ ಘಾಟಿ ಇಳಿಯುವವನಿದ್ದ.

ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಲ್ಲಿ ಇರಲಿಲ್ಲ.

* * *

ಈ ಹುಚ್ಚು ಹೇಗೆ ಹತ್ತಿತು ಎಂದು ಸ್ವಲ್ಪ ಹೇಳಬೇಕು. ದೂರದ ಸೈಕಲ್ ಪ್ರವಾಸಕ್ಕೆ ಹಿಂಚಕ್ರದ ಮೇಲೆ ಒಂದು ರ‍್ಯಾಕ್, ಅದರ ಎರಡೂ ಬದಿಗೆ ಒಂದೊಂದು ಚೀಲ ಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಪ್ಯಾನಿಯರ್ ಎನ್ನುತ್ತಾರೆ. ಬ್ರೆಡ್ಡಿನ ಬುಟ್ಟಿ ಎಂಬ ಅರ್ಥದ ಹಳೆಯ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದ ಮಾತು. ನಮ್ಮಲ್ಲಿ ಇದಕ್ಕೆ ಹೆಸರಿಲ್ಲ ಅಂದುಕೊಂಡಿದ್ದೆ. ನನ್ನ ಚೀಲದ ಫೋಟೋ ನೋಡಿದ ಅಮ್ಮ ರಾಣೆಬೆನ್ನೂರಿನಿಂದ ಒಂದೇ ಮಾತಲ್ಲಿ ಅಂದಳು, ‘ಇದು ಹಸಿಬಿ ಅಲ್ಲೇನು?’ ಹೌದಲ್ಲ! ಸಂತೆಗೆ ಹೋಗುವವರ ಹೆಗಲ ಮೇಲೆ ಮುಂದೊಂದು ಹಿಂದೊಂದು ಜೋತಾಡುತ್ತಿದ್ದ ಹಸಿಬೆ ಚೀಲ. ಎತ್ತಿನ ಬೆನ್ನ ಮೇಲೆ ಎರಡೂ ಪಕ್ಕಕ್ಕೆ ಇಳಿಬಿಟ್ಟು ಲಂಬಾಣಿಗರು ಧಾನ್ಯ, ಉಪ್ಪು ಸಾಗಿಸುತ್ತಿದ್ದ ಜೋಡಿ ಗೋಣಿಯೂ ಅದೇ ಲೆಕ್ಕ. ಭಾರವನ್ನು ಎರಡು ಸಮಪಾಲು ಮಾಡಿ ನಡು ಬೆನ್ನಿಗೆ ತೂಗುಹಾಕುವುದು ಎಲ್ಲ ಕಡೆಯ ದಾರಿಹೋಕರೂ ಕಂಡುಕೊಂಡಿದ್ದ ಉಪಾಯ.

ನಾನು ಹೊಲಿಗೆಗೆ ಇಳಿದದ್ದು ಮೊದಲು ಜಿಪುಣತನದಿಂದ. ಜರ್ಮನಿಯ ಒಳ್ಳೆಯ ಜಲನಿರೋಧಕ ಚೀಲಗಳ ಜೊತೆಗೆ ಅಲ್ಲೇ ನೂರು ಯೂರೋ ದಾಟುತ್ತದೆ, ಇಲ್ಲಿಗೆ ತರಿಸಿದರೆ ಸುಂಕ ಬೇರೆ. ಆ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಹೊಲಿಗೆ ಮಷಿನ್ ಬರುತ್ತದೆ, ಬಟ್ಟೆಯೂ ಬರುತ್ತದೆ ಎಂದು ಹೆಂಡತಿಗೆ ಎಕ್ಸೆಲ್ ಶೀಟ್ ತೋರಿಸಿದೆ. (ಆ ಶೀಟ್‌ನಲ್ಲಿ ನನ್ನ ಶನಿವಾರ, ಭಾನುವಾರಗಳ ಬೆಲೆಗೆ ಕಾಲಂ ಇರಲಿಲ್ಲ.) ನೋಯ್ಡಾದ ನಮ್ಮ ಬಾಲ್ಕನಿಯಲ್ಲಿ ಕಾಲು ತುಳಿಯುವ ಮಷಿನ್ ಬಂದು ಕೂತಿತು. ಬಟ್ಟೆ, ಬಕಲ್, ಪಟ್ಟಿಗಳಿಗೆ ದೆಹಲಿಯ ಸದರ್ ಬಜಾರ್ ಇತ್ತು.

ಆಮೇಲೆ ಗೊತ್ತಾಯಿತು, ಈ ರೋಗ ನನ್ನೊಬ್ಬನದಲ್ಲ, ಈ ಉದ್ಯಮ ನಿಂತಿರುವುದೇ ಇಂಥ ರೋಗಿಗಳ ಮೇಲೆ. ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ವಿಲ್ಫ್ ಕ್ಯಾರಡೈಸ್ ಎಂಬ ಸೈಕಲ್ ಸವಾರ 1932ರಲ್ಲಿ ಪೇಟೆಯ ಚೀಲಗಳು ಸರಿಯಿಲ್ಲವೆಂದು ತಾನೇ ದಪ್ಪ ಹತ್ತಿ ಕ್ಯಾನ್‌ವಾಸಿನಲ್ಲಿ ಹೊಲಿದುಕೊಂಡ. ಗೆಳೆಯರು ನಮಗೂ ಬೇಕು ಎಂದರು. ಆ ಕಂಪನಿ ಈಗಲೂ ಅದೇ ಬಗೆಯ ಚೀಲ ಮಾಡುತ್ತದೆ. ಅದೇ ಸೀಮೆಯಲ್ಲಿ 1946ರಲ್ಲಿ ಶುರುವಾದ ಕ್ಯಾರಿಮೋರ್ ಕೂಡ ಮೊದಲು ಹೊಲಿದದ್ದು ಸೈಕಲ್ ಚೀಲಗಳನ್ನೇ. ಹೆಸರಿನಲ್ಲೇ ‘ಇನ್ನಷ್ಟು ಹೊರು’ ಎಂದಿದೆ. ಜರ್ಮನಿಯ ಹಾರ್ಟ್‌ಮುಟ್ ಓರ್ಟ್‌ಲೀಬ್ ಕತೆ ನನಗೆ ಹೆಚ್ಚು ಇಷ್ಟ. ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ತುಳಿಯುತ್ತ ಸಾಮಾನೆಲ್ಲ ನೆನೆಸಿಕೊಂಡ ಆ ಹುಡುಗನಿಗೆ, ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯ ಟಾರ್ಪಾಲಿನ್ ಕೆಳಗಿನ ಸರಕು ಒಣಗಿರುವುದು ಹೊಳೆಯಿತು. ಊರಿಗೆ ಹೋಗಿ ಲಾರಿ ಟಾರ್ಪಾಲಿನ್ನನ್ನು ಅಮ್ಮನ ಹೊಲಿಗೆ ಮಷಿನ್ನಿನಲ್ಲಿ ಹೊಲಿದ. 1982ರಲ್ಲಿ ಕಂಪನಿಯಾಯಿತು. ಮುಂದೆ ಅವರು ಹೊಲಿಗೆಯನ್ನೇ ಬಿಟ್ಟು ಬಟ್ಟೆಯ ಅಂಚುಗಳನ್ನು ಬೆಸೆಯತೊಡಗಿದರು. ಸೂಜಿ ಇಳಿದಲ್ಲೆಲ್ಲ ತೂತು, ತೂತಿದ್ದಲ್ಲೆಲ್ಲ ನೀರು ಎನ್ನುವುದೇ ಕಾರಣ.

ನನ್ನ ಬಳಿ ಬೆಸೆಯುವ ಯಂತ್ರ ಇರಲಿಲ್ಲ, ಸೂಜಿಯೇ ಗತಿ.

ಮೊದಲ ಮಾದರಿಗಳನ್ನು ಹಳೆಯ ಫ್ಲೆಕ್ಸ್ ಬ್ಯಾನರಿನಲ್ಲಿ ಹೊಲಿದೆ. ಪುಕ್ಕಟೆ ಸಿಗುತ್ತದೆ, ಕತ್ತರಿ ಹಾಕಲು ಹೆದರಿಕೆ ಇಲ್ಲ. ಮಡಿಕೆಯಲ್ಲಿ ಬೇಗ ಸೀಳುತ್ತದೆ, ಆದ್ದರಿಂದ ಅಳತೆ ನೋಡುವುದಕ್ಕಷ್ಟೇ ಸಾಕು. ಯಾವುದೋ ವಾರ್ಡಿನ ಮುಖಂಡರು ಕೈಮುಗಿದುಕೊಂಡು ನನ್ನ ಚೀಲದ ಒಳಗಿಂದ ನಗುತ್ತಿದ್ದರು. ಆಕಾರ ಸರಿಯಾದ ಮೇಲೆ 1000 ಡೆನಿಯರಿನ ನೈಲಾನ್ ತಂದೆ. ಡೆನಿಯರ್ ಎಂದರೆ 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ, ಬಟ್ಟೆ ಗಟ್ಟಿ, ತೂಕವೂ ಹೆಚ್ಚು. ಒಳಮೈಗೆ ಪಾಲಿಯುರೆಥೇನ್ ಲೇಪ ಇರುತ್ತದೆ. ನೀರು ತಡೆಯುವುದು ಆ ಲೇಪ, ನೇಯ್ಗೆಯಲ್ಲ. ಗುಂಡುಸೂಜಿ ಚುಚ್ಚಿ ಬಟ್ಟೆ ಜೋಡಿಸಿದರೆ ಬೇಡದ ತೂತು ಬೀಳುತ್ತದೆಂದು ಅಮ್ಮನಿಂದ ಬಟ್ಟೆ ಒಣಹಾಕುವ ಕ್ಲಿಪ್ಪಿನ ಉಪಾಯ ಕಲಿತೆ. ‘ಮೂಲಿ ತಿರುಗಸೂವಾಗ ಸೂಜಿ ಬಟ್ಟಿ ಒಳಗ ಇರಲಿ’ ಎನ್ನುವುದೂ ಅವಳದೇ. ನಾನು ಶಾಲೆಗೆ ಹೋಗುವಾಗ ಅವಳು ಊರವರ ಜಂಪರು ಹೊಲಿದು ನಮ್ಮ ಫೀಸು ಕಟ್ಟಿದ್ದಳು. ಆಗ ಒಂದು ಗುಂಡಿ ಹಚ್ಚುವುದನ್ನೂ ನಾನು ಕಲಿತಿರಲಿಲ್ಲ.

ಚೀಲ ತಾನೇ ಹೊಲಿಯುವುದರ ನಿಜವಾದ ಲಾಭ ದುಡ್ಡಿನದಲ್ಲ, ಅಳತೆಯದು. ನನ್ನ ಪಾದ ದೊಡ್ಡದು. ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿ ಚೀಲಕ್ಕೆ ಬಡಿಯುತ್ತಿತ್ತು. ಮುಂಚೂಣಿಯ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿದೆ, ಮುಗಿಯಿತು. ಸೈಕಲ್ಲಿನ ನಡು ತ್ರಿಕೋನಕ್ಕೆ ಕೂರುವ ಚೀಲವಂತೂ ಒಂದು ಸೈಕಲ್ಲಿನದು ಇನ್ನೊಂದಕ್ಕೆ ಹೊಂದುವುದಿಲ್ಲ. ರಟ್ಟು ಇಟ್ಟು, ಕೊಳವೆಗಳ ಒಳಗೆರೆ ಪೆನ್ಸಿಲಿನಲ್ಲಿ ಎಳೆದು, ಹೊಲಿಗೆಗೆ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೆ ಕೈಗವಸಿನ ಹಾಗೆ ಕೂರುತ್ತದೆ. ಒಳಪದರಕ್ಕೆ ಹಳದಿ ಬಟ್ಟೆ ಹಾಕಿದೆ. ಕಪ್ಪು ಚೀಲದೊಳಗೆ ಕಪ್ಪು ಚಾರ್ಜರ್ ಹುಡುಕಿದವರಿಗೆ ಯಾಕೆಂದು ಗೊತ್ತು. ಹ್ಯಾಂಡಲಿನ ಚೀಲಕ್ಕೆ, ಕ್ಯಾಮೆರಾ ಕುಲುಕಬಾರದೆಂದು ಅಮ್ಮನ ಹಳೆಯ ಕೌದಿಯ ಒಂದು ತುಂಡನ್ನೇ ಒಳಗೆ ಹೊಲಿದೆ. ಏಳೆಂಟು ಪದರ ಹಳೆ ಸೀರೆ, ಸಾಲುಸಾಲು ಕೈಹೊಲಿಗೆ. ಯಾವ ಸ್ಪಂಜೂ ಅದರ ಮುಂದೆ ನಿಲ್ಲಲಾರದು. ಬಲಗಡೆಯ ಚೀಲಕ್ಕೆ ಶೇಂಗಾ ಚಟ್ನಿಪುಡಿಯ ಡಬ್ಬಿ ನೆಟ್ಟಗೆ ನಿಲ್ಲುವ ಒಂದು ಕಿಸೆ. ಇದು ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಇಷ್ಟೆಲ್ಲ ಹೆಮ್ಮೆಯ ಚೀಲ ಈಗ ಚೌಖಂಡಿಯ ಎದುರು ಬಾಯಿಬಿಟ್ಟು ಬಿದ್ದಿತ್ತು.

* * *

ಟೀ ಅಂಗಡಿಯವನು ತೋರಿಸಿದ ದರ್ಜಿಯ ಅಂಗಡಿ ಅಲ್ಲಿಂದ ನಾಲ್ಕು ಹೆಜ್ಜೆ. ಅಂಗಡಿ ಎಂದರೆ ಒಂದು ತಗಡಿನ ಗೂಡು, ಒಂದು ಕಪ್ಪು ಮಷಿನ್, ಗೋಡೆಗೆ ತೂಗಿದ ಶಾಲಾ ಚೀಲಗಳು, ಮೂಲೆಯಲ್ಲಿ ಕೆಂಪು ರೆಕ್ಸಿನ್ನಿನ ಸುರುಳಿ. ಅರವತ್ತು ದಾಟಿದ ಮನುಷ್ಯ. ಮೊದಲು ಸೈಕಲ್ ರಿಕ್ಷಾಗಳ ಸೀಟು ಮತ್ತು ಮಡಚುವ ಚಾವಣಿ ಹೊಲಿಯುವುದೇ ಕಸುಬಾಗಿತ್ತಂತೆ. ಈಗ ಬನಾರಸಿನ ರಸ್ತೆ ತುಂಬ ಇ-ರಿಕ್ಷಾ. ಅವಕ್ಕೆ ಸೀಟು ಕಾರ್ಖಾನೆಯಿಂದಲೇ ಬರುತ್ತದೆ. ಹಾಗಾಗಿ ಶಾಲಾ ಚೀಲ, ವಿಹಾರಗಳಿಂದ ಬರುವ ದಿಂಬಿನ ಕವಚ, ಏನು ಬಂದರೆ ಅದು.

ಚೀಲ ತಿರುಗಿಸಿ ನೋಡಿ ಕೇಳಿದರು: ಯಾವ ದರ್ಜಿ ಹೊಲಿದದ್ದು?

ನಾನೇ ಎಂದೆ. ಅವರು ಏನೂ ಹೇಳಲಿಲ್ಲ. ಆ ಮೌನ ನಮ್ಮ ಆಫೀಸಿನ ಕೋಡ್ ರಿವ್ಯೂನಲ್ಲಿ ನನಗೆ ಚೆನ್ನಾಗಿ ಪರಿಚಿತ.

ಆಮೇಲೆ ಕಿತ್ತುಹೋದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ‘ದಾರ ನೋಡಿ’ ಎಂದರು. ನೋಡಿದೆ. ದಾರ ಒಂದೆಳೆಯೂ ತುಂಡಾಗಿರಲಿಲ್ಲ! ಪಟ್ಟಿಗೆ ಅಂಟಿಕೊಂಡೇ ಇತ್ತು, ಜೊತೆಗೆ ಬಟ್ಟೆಯ ಸಣ್ಣ ಅಂಚೂ. ಹರಿದದ್ದು ಬಟ್ಟೆ, ಅದೂ ಅಳತೆಗೋಲು ಇಟ್ಟು ಕತ್ತರಿಸಿದಷ್ಟು ನೇರವಾಗಿ. ಅವರು ಹಳೆಯ ದಿನಪತ್ರಿಕೆಯ ತುಂಡನ್ನು ಮಷಿನ್ನಿಗೆ ಕೊಟ್ಟು ದಾರವಿಲ್ಲದೆ ಎರಡು ಗೆರೆ ಓಡಿಸಿದರು. ಒಂದು ಗೆರೆಗೆ ಒತ್ತೊತ್ತಾದ ಹೊಲಿಗೆ, ಇನ್ನೊಂದಕ್ಕೆ ದೂರದೂರ. ಎಳೆದು ನೋಡಿ ಎಂದರು. ಒತ್ತಾದ ಗೆರೆ ಅಂಚೆಚೀಟಿಯ ಹಾಗೆ ಸಲೀಸಾಗಿ ಬಿಟ್ಟುಕೊಂಡಿತು.

ಜಂಪರಿನ ಹೊಲಿಗೆಯನ್ನು ನಾನು ಚೀಲಕ್ಕೆ ಹಾಕಿದ್ದೆ. ಹೊಲಿಗೆ ಹತ್ತಿರ ಇದ್ದಷ್ಟೂ ಗಟ್ಟಿ ಎಂದು ನಂಬಿ, ಎರಡು ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ, ಗಟ್ಟಿಯಾಗಲೆಂದು ಅದೇ ಗೆರೆಯ ಮೇಲೆ ಮೂರು ಸಲ ಓಡಿಸಿದ್ದೆ. ಒಂದೊಂದು ಸಲವೂ ಬಟ್ಟೆಗೆ ಹೊಸ ತೂತುಗಳು. ದಪ್ಪ ಬಟ್ಟೆಗೆ 16 ಅಥವಾ 18ನೇ ನಂಬರಿನ ಸೂಜಿ, ಮೂರೂವರೆ ನಾಲ್ಕು ಮಿಲಿಮೀಟರ್ ಅಂತರ, ಒಂದೇ ಗೆರೆಯ ಬದಲು ಚೌಕ ಹಾಕಿ ಒಳಗೆ ಗುಣಾಕಾರದ ಗುರುತು. ಹಾಗೆ ಮಾಡಿದರೆ ಎಳೆತ ಒಂದು ಗೆರೆಯ ಮೇಲೆ ಬೀಳದೆ ಇಡೀ ಚೌಕಕ್ಕೆ ಹಂಚಿಹೋಗುತ್ತದೆ. ಇದನ್ನು ನಾನು ಓದಿದ್ದೆ. ಮೇಲಿನ ಕೊಕ್ಕೆಗಳ ಹತ್ತಿರ ಹಾಗೆಯೇ ಹೊಲಿದಿದ್ದೆ ಕೂಡ. ಕೆಳಗಿನ ಪಟ್ಟಿ ಚೀಲ ಅಲ್ಲಾಡದಂತೆ ಹಿಡಿಯಲು ಮಾತ್ರ, ಅದರ ಮೇಲೆ ಭಾರವೇ ಇಲ್ಲ ಎಂದು ಉಡಾಫೆ ಮಾಡಿದ್ದೆ.

ಅದು ಎರಡನೆಯ ತಪ್ಪು. ಹಿರಿಯರು ಅದನ್ನೂ ಹಿಡಿದರು. ಒಂಬತ್ತು ಕಿಲೋ ಚೀಲ ನಿಂತ ಸೈಕಲ್ಲಿಗೆ ಒಂಬತ್ತು ಕಿಲೋ. ಗುಂಡಿಗೆ ಇಳಿದು ಹಾರಿದಾಗ ಅದರ ಎಷ್ಟೋ ಪಟ್ಟು ಎಳೆಯುತ್ತದೆ, ಆ ಕ್ಷಣ ಕೆಳಪಟ್ಟಿಯೇ ಅದನ್ನು ತಡೆಯಬೇಕು. ಅವರು ಇದನ್ನು ಹೀಗೆ ಹೇಳಲಿಲ್ಲ. ಗೋಡೆಯ ಮೇಲಿನ ಶಾಲಾ ಚೀಲ ಇಳಿಸಿ, ಭುಜದ ಪಟ್ಟಿ ಚೀಲದ ಬೆನ್ನಿಗೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಬೆರಳಿಟ್ಟು ತೋರಿಸಿದರು. ಮೇಲಿನಿಂದ ಬುಡದವರೆಗೆ ಒಂದೇ ಪಟ್ಟಿ. ರಿಕ್ಷಾ ಚಾವಣಿಯಲ್ಲೂ ಹಾಗೆಯೇ, ರೆಕ್ಸಿನ್ ಬಿಸಿಲು ಮಳೆ ತಡೆಯಲಿಕ್ಕೆ, ಎಳೆತವೆಲ್ಲ ಕೆಳಗಿನ ನವಾರು ಪಟ್ಟಿಯ ಪಾಲಿಗೆ. ನನ್ನ ಚೀಲದಲ್ಲಿ ಮೇಲೆ ಒಂದು ತುಂಡು, ಕೆಳಗೆ ಒಂದು ತುಂಡು, ನಡುವೆ ಭಾರ ಹೊರಲು ಬರೀ ಬಟ್ಟೆ.

ಹೊಲಿಗೆ ಬಿಚ್ಚುತ್ತ ಕೂತರು. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ನಾಲ್ವರಿಗೂ ಫೋಟೋ ಕಳಿಸಿದೆ: ಚೀಲ ಹಾಕಿಕೊಂಡು ಓಡಿಸಬೇಡಿ, ಕೆಳಪಟ್ಟಿ ಬಿಟ್ಟುಕೊಳ್ಳುತ್ತದೆ, ತಪ್ಪು ನನ್ನದು. ಸಾಫ್ಟ್‌ವೇರಿನಲ್ಲಿ ಇಂಥ ಸಂದೇಶವನ್ನು ಎಷ್ಟೋ ಸಲ ಬರೆದಿದ್ದೇನೆ. ಅಲ್ಲಿ ‘ಕೆಲವು ಬಳಕೆದಾರರಿಗೆ ತೊಂದರೆ ಆಗಬಹುದು’ ಎಂದು ಬರೆಯುತ್ತೇವೆ, ತಪ್ಪು ಯಾರದೆಂದು ಬರೆಯುವುದಿಲ್ಲ. ಬೆಂಗಳೂರಿನ ಇನ್ನೊಬ್ಬ, ಪುಣೆಯವನು, ನೋಯ್ಡಾದವನು ಮೂವರೂ ಅರ್ಧ ಗಂಟೆಯಲ್ಲಿ ಉತ್ತರಿಸಿದರು. ಸಕಲೇಶಪುರದ ಸಂದೇಶಕ್ಕೆ ಒಂದೇ ಟಿಕ್ ಗುರುತು ಇತ್ತು.

ಆ ಕಾಯುವ ಹೊತ್ತಿನಲ್ಲಿ ತಲೆ ಎಲ್ಲೆಲ್ಲೋ ಹೋಯಿತು. ನಾನು ಬಂದ ದಾರಿ, ಡೆಹ್ರಿಯಲ್ಲಿ ಸೋನ್ ನದಿ ದಾಟಿ, ಶೇರ್‌ಶಾ ಮಲಗಿರುವ ಸಸಾರಾಮ್ ಹಾದು ಕಾಶಿಗೆ ಬರುವ ಗ್ರ್ಯಾಂಡ್ ಟ್ರಂಕ್ ರಸ್ತೆ. 1886ರಲ್ಲಿ ಥಾಮಸ್ ಸ್ಟೀವನ್ಸ್ ಆಳೆತ್ತರದ ಮುಂಚಕ್ರದ ಸೈಕಲ್ ಮೇಲೆ ಲಾಹೋರಿನಿಂದ ಕಲ್ಕತ್ತೆಗೆ ಇದೇ ರಸ್ತೆಯಲ್ಲಿ ಹೋದ. ಭೂಮಿಯನ್ನು ಸೈಕಲ್ಲಿನಲ್ಲಿ ಸುತ್ತಿದ ಮೊದಲಿಗ. 1884ರಲ್ಲಿ ಹೊರಟಾಗ ಅವನ ಬಳಿ ಹ್ಯಾಂಡಲಿನ ಒಂದು ಚೀಲ: ಕಾಲುಚೀಲ, ಒಂದು ಅಂಗಿ, ಗುಡಾರವೂ ಹಾಸಿಗೆಯೂ ಆಗುವ ಒಂದು ಮಳೆಕೋಟು, ಒಂದು ರಿವಾಲ್ವರ್. 1923ರಲ್ಲಿ ಮುಂಬಯಿಯಿಂದ ಹೊರಟ ಆರು ಪಾರ್ಸಿ ಹುಡುಗರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗಾರಾ ಎಂಬ ಮೂವರು 1928ರಲ್ಲಿ ಲೋಕ ಸುತ್ತಿ ಮರಳಿದರು. ಅವರು ದಾರಿಯಲ್ಲಿ ಎಷ್ಟು ಸಲ ಸೂಜಿದಾರ ಹಿಡಿದಿರಬಹುದು!

ಬೋಧಗಯೆಯಿಂದ ಸಾರನಾಥಕ್ಕೆ ಎಲ್ಲರಿಗಿಂತ ಮೊದಲು ನಡೆದು ಬಂದವನ ಸಂಪ್ರದಾಯದಲ್ಲಂತೂ ಸೂಜಿ ಕಡ್ಡಾಯ. ಭಿಕ್ಷುವಿಗೆ ಇರಬೇಕಾದ ಎಂಟು ಸಾಮಾನುಗಳು ಇವು: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟದ ಪಟ್ಟಿ, ನೀರು ಸೋಸುವ ಬಟ್ಟೆ. ದೂರಪ್ರವಾಸದ ಪ್ಯಾಕಿಂಗ್ ಪಟ್ಟಿಗಳನ್ನು ವರ್ಷಗಟ್ಟಲೆ ಓದಿದ್ದೇನೆ, ಇದಕ್ಕಿಂತ ಬಿಗಿಯಾದ್ದನ್ನು ನೋಡಿಲ್ಲ. ಚೀವರದ ಹೊಲಿಗೆಯ ನಮೂನೆಯ ಕತೆಯೂ ವಿನಯಪಿಟಕದಲ್ಲಿದೆ. ಬದುಗಳಿಂದ ಚೌಕ ಚೌಕವಾಗಿ ಭಾಗವಾದ ಮಗಧದ ಗದ್ದೆಗಳನ್ನು ತೋರಿಸಿ, ಇಂಥ ಚೀವರ ಮಾಡಲಾಗುತ್ತದೆಯೇ ಎಂದು ಬುದ್ಧ ಆನಂದನನ್ನು ಕೇಳಿದ. ಆನಂದ ಕತ್ತರಿಸಿ ಹೊಲಿದ. ಗಯಾ ಜಿಲ್ಲೆ ದಾಟುವಾಗ ಎರಡು ಬದಿಗೂ ಆ ಗದ್ದೆಗಳು ಇದ್ದವು. ನಾನು ಟ್ರಾಫಿಕ್ ನೋಡುತ್ತಿದ್ದೆ. ಸಾರನಾಥದಲ್ಲಿ ಮರೂನ್ ಚೀವರದ ಟಿಬೆಟನ್ ಭಿಕ್ಷುವೊಬ್ಬರು ದಿಂಬಿನ ಕವಚ ತೆಗೆದುಕೊಂಡು ಹೋಗಲು ಅಂಗಡಿಗೆ ಬಂದಾಗ ಅವರ ಭುಜದ ಮೇಲಿನ ಹೊಲಿಗೆಗೆರೆಗಳು ಕಣ್ಣಿಗೆ ಬಿದ್ದವು.

ಏಳೂವರೆಗೆ ಮಷಿನ್ ನಿಂತಿತು. ಹಿರಿಯರು ಹಳೆಯ ಪಟ್ಟಿಗಳನ್ನೆಲ್ಲ ಕಿತ್ತು, ಮೇಲಿನ ಕೊಕ್ಕೆಯಿಂದ ಬುಡದವರೆಗೆ ಒಂದೇ ಪಟ್ಟಿ ಇಳಿಸಿ, ಒಳಬದಿಗೆ ಅಂಗೈ ಅಗಲದ ಕೆಂಪು ರೆಕ್ಸಿನ್ ಕೊಟ್ಟು, ಚೌಕ ಮತ್ತು ಗುಣಾಕಾರ ಹಾಕಿದ್ದರು. ರಿಕ್ಷಾ ಸೀಟಿನ ದಪ್ಪ ದಾರ. ಕೇಳದೆ ಎಡಗಡೆಯ ಚೀಲಕ್ಕೂ ಹಾಗೆಯೇ ಮಾಡಿದ್ದರು. ಚಟ್ನಿಪುಡಿ ಕಿಸೆಗೆ ಮಾತ್ರ ಕೈಹಾಕಿರಲಿಲ್ಲ. ಅದರ ಹೊಲಿಗೆ ಸರಿಯಿದೆ ಎಂದರು. ಮುನ್ನೂರು ರೂಪಾಯಿ ಕೇಳಿದರು. ನಾನು ಐನೂರು ಕೊಟ್ಟೆ, ಇನ್ನೂರು ವಾಪಸ್ ಬಂತು. ಅದರ ಬದಲು, ಓರೆಮೂಲೆಯ ಚೀಲದ ಅಳತೆ ಬರೆದುಕೊಡಿ ಎಂದರು. ಇಲ್ಲಿಗೆ ಸೈಕಲ್ಲಿನಲ್ಲಿ ಬರುವ ವಿದೇಶಿಯರು ಆಗಾಗ ಚೀಲ ರಿಪೇರಿಗೆ ತರುತ್ತಾರಂತೆ, ಹೊಸದು ಕೇಳಿದರೆ ಹೊಲಿಯಬಹುದಲ್ಲ. ದಿನಪತ್ರಿಕೆಯ ಮೇಲೆ ಪೂರ್ತಿ ನಮೂನೆ ಎಳೆದು ಕೊಟ್ಟೆ. ಹೊಲಿಗೆಯ ಅಂತರ ಬರೆಯಲು ಹೋದೆ, ಅದು ಬೇಡ ಎಂದರು.

* * *

ಸಕಲೇಶಪುರದ ಫೋನ್ ಬಂದದ್ದು ರಾತ್ರಿ ಒಂಬತ್ತು ಕಾಲಿಗೆ. ಲಾಡ್ಜಿನಲ್ಲಿ ಊಟ ಮಾಡುತ್ತಿದ್ದ. ಚೀಲ ನೋಡು ಎಂದೆ. ಹೋಗಿ ನೋಡಿ ಬಂದ. ಎಡಗಡೆಯ ಕೆಳಪಟ್ಟಿ ಅರ್ಧ ಬಿಟ್ಟುಕೊಂಡಿತ್ತು. ಫೋನಿನ ಎರಡೂ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಶಿರಾಡಿಯ ತಿರುವು, ಟ್ಯಾಂಕರು, ಡಿಸೆಂಬರಿನ ಬೆಳಗಿನ ಮಂಜು ಅವನಿಗೂ ಗೊತ್ತು. ಆಮೇಲೆ ಅವನು, ‘ಅಲ್ಲ ಮಾರಾಯ, ಇದಕ್ಕೆ ನಾನು ನಾಲ್ಕು ಸಾವಿರ ಕೊಟ್ಟಿದ್ದೆ’ ಎಂದ. ವಾಪಸ್ ಕೊಡುತ್ತೇನೆ ಎಂದೆ. ಅದೇ ರಾತ್ರಿ ಇಬ್ಬರಿಗೂ ದುಡ್ಡು ಕಳಿಸಿದೆ.

ಮರುದಿನ ಅವನು ಹತ್ತು ಗಂಟೆಯವರೆಗೆ ಕಾದು, ಬಸ್ ಸ್ಟ್ಯಾಂಡ್ ಹತ್ತಿರದ ಚಮ್ಮಾರರೊಬ್ಬರ ಬಳಿ ಚರ್ಮದ ತುಂಡು ಒಳಗಿಟ್ಟು ಕೈಯಲ್ಲೇ ಹೊಲಿಸಿಕೊಂಡು ಘಾಟಿ ಇಳಿದ. ನಾನು ಧಮೇಕ್ ಸ್ತೂಪದ ಸುತ್ತ ಒಂದು ಸುತ್ತು ಬಂದು ಗಾಜೀಪುರದ ದಾರಿ ಹಿಡಿದೆ. ಪ್ರತಿ ಹಂಪಿಗೂ ಹಿಂತಿರುಗಿ ನೋಡುತ್ತಿದ್ದೆ, ಕುಶಿನಗರದವರೆಗೂ.

ಜನವರಿಯಲ್ಲಿ ಮೂರು ಜೊತೆ ಚೀಲಗಳು ಕೊರಿಯರಿನಲ್ಲಿ ನೋಯ್ಡಾಕ್ಕೆ ಮರಳಿ ಬಂದವು. ಹೊಲಿಗೆ ಬಿಚ್ಚುವುದಕ್ಕೇ ಎರಡು ವಾರಾಂತ್ಯ ಹಿಡಿಯಿತು. ಮೇಲಿನಿಂದ ಕೆಳಗೆ ಒಂದೇ ಪಟ್ಟಿ, ನಾಲ್ಕು ಮಿಲಿಮೀಟರ್ ಅಂತರ, ಪಾಲಿಯೆಸ್ಟರ್ ದಾರ, ಯಾಕೆಂದರೆ ಬಿಸಿಲಿಗೆ ನೈಲಾನ್ ದಾರ ಬೇಗ ಸೋಲುತ್ತದೆ. ಬಾಲ್ಕನಿಯ ಕಂಬಿಗೆ ಒಂದೊಂದನ್ನೂ ತೂಗುಹಾಕಿ, ಒಳಗೆ ಇಪ್ಪತ್ತು ಕಿಲೋ ಅಕ್ಕಿ ತುಂಬಿ, ಮಗಳ ಕೈಯಲ್ಲಿ ಜೋಕಾಲಿ ಆಡಿಸಿ ನೋಡಿದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ಅಕ್ಕಿಯ ಬಗ್ಗೆಯಷ್ಟೇ ಚಿಂತೆ ಮಾಡಿದಳು.

ಸಕಲೇಶಪುರದವನು ಮಾತ್ರ ತನ್ನದನ್ನು ಕಳಿಸಿಲ್ಲ. ಎರಡು ಸಲ ಕೇಳಿದೆ. ಚಮ್ಮಾರರ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿದೆಯಂತೆ.